ಹರಿಹರದ ಕಡೆಯ ಹಳೇ ಸ್ಟೇಷನ್ ಕಟ್ಟಿಸಿದ್ದು ಯಾರು?

ನಮಸ್ಕಾರ. ನಿಮ್ಮೂರ ಹೊಲದ ಮಧ್ಯೆ ಹಳಿಯೇ ಇಲ್ಲದೆ ಪಾಳು ಬಿದ್ದಿರುವ ಸ್ಟೇಷನ್ ಕಟ್ಟಡ ಮಹಾರಾಜರದೋ ಬ್ರಿಟಿಷರದೋ ಎಂದು ಕೇಳಿದ್ದೀರಿ. ಅದು ಬೆಂಗಳೂರು–ಹರಿಹರ ದಾರಿಯದ್ದಾದರೆ ಎರಡೂ ಸ್ವಲ್ಪ ನಿಜ.

ಈ ದಾರಿಯನ್ನು ಶುರು ಮಾಡಿದ್ದು ಮೈಸೂರು ಸರ್ಕಾರ. 1884ರಲ್ಲಿ ರೈಲು ತುಮಕೂರು, ಗುಬ್ಬಿವರೆಗೆ ಬಂತು. ಆದರೆ 1876–78ರ ದೊಡ್ಡ ಬರ ಖಜಾನೆಯನ್ನು ಬರಿದು ಮಾಡಿತ್ತು. ಹಾಗಾಗಿ ಮುಂದಿನ ಕೆಲಸವನ್ನು ಸದರ್ನ್ ಮರಾಠಾ ರೈಲ್ವೆ ಎಂಬ ಇಂಗ್ಲಿಷ್ ಕಂಪನಿಗೆ ಒಪ್ಪಿಸಿದರು. ದಾವಣಗೆರೆ ದಾಟಿ ಹರಿಹರ ಮುಟ್ಟಿದ್ದು 1889ರಲ್ಲಿ. ಜಾಗ ಮೈಸೂರಿನದು, ಕಟ್ಟಿದ್ದು, ಓಡಿಸಿದ್ದು ಕಂಪನಿ. 1938ರಲ್ಲಿ ಮೈಸೂರು ಅದನ್ನು ಮತ್ತೆ ತನ್ನ ಕೈಗೆ ತಗೊಂಡಿತು, 1951ರಲ್ಲಿ ಸದರ್ನ್ ರೈಲ್ವೆಗೆ ಸೇರಿತು.

ಹಳಿ ಯಾಕಿಲ್ಲ ಅಂದರೆ, ಆಗ ಇದ್ದದ್ದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. 1990ರ ದಶಕದಲ್ಲಿ ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಮಾಡುವಾಗ ಕೆಲವು ಕಡೆ ತಿರುವು ತೆಗೆದು ದಾರಿಯನ್ನೇ ಸರಿಸಿದರು ಅಂತಾರೆ. ನಿಮ್ಮೂರಲ್ಲೂ ಹಾಗೇ ಆಗಿರಬಹುದು, ಅಲ್ವಾ?

ಕಟ್ಟಡದ ಸುತ್ತ ಒಮ್ಮೆ ನೋಡಿ. ಹಳೇ ಹಳಿ ತುಂಡುಗಳನ್ನು ಬೇಲಿ ಕಂಬವಾಗಿ ನೆಟ್ಟಿರುತ್ತಾರೆ. ಆ ಹಳಿಯ ಬದಿಯ ಮೇಲೆಯೇ ಅದು ತಯಾರಾದ ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ. ತುಕ್ಕು ಉಜ್ಜಿದರೆ ಕಾಣುತ್ತದೆ. ಅದು ಹಳಿಯ ವಯಸ್ಸು, ಕಟ್ಟಡದ್ದಲ್ಲ, ಆದರೂ ಒಳ್ಳೆ ಸುಳಿವು. ಊರಲ್ಲಿ ಗ್ಯಾಂಗ್‌ಮನ್ (ಹಳಿ ನೋಡಿಕೊಳ್ಳುವ ಕೆಲಸಗಾರ) ಆಗಿದ್ದ ಹಿರಿಯರು ಯಾರಾದರೂ ಇದ್ದರೆ ಈಗಲೇ ಮಾತಾಡಿಸಿ, ತಡ ಮಾಡಬೇಡಿ. ಫೋಟೋ ಇದ್ದರೆ ದಯವಿಟ್ಟು ಹಾಕಿ. ಗೋಡೆಯ ಕಲ್ಲು ನೋಡಿದರೆ ಇನ್ನೂ ಏನಾದರೂ ಹೇಳಬಹುದು.