‘ಶಬ್‌ಖೂನ್’ ಲೇಖನ: ತಿದ್ದಿ ಕಳಿಸಿ

ನಮಸ್ಕಾರ. ಅಲಹಾಬಾದಿನ ಉರ್ದು ಸಾಹಿತ್ಯ ಪತ್ರಿಕೆ ‘ಶಬ್‌ಖೂನ್’ ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಮೂಲ ಸಂಚಿಕೆಗಳನ್ನು ಉರ್ದು ಲಿಪಿಯಲ್ಲೇ ಓದಬಲ್ಲಿರಿ, ಅದು ದೊಡ್ಡ ಬಂಡವಾಳ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಅಸ್ತಿತ್ವವಾದ, ಅನಾಥಪ್ರಜ್ಞೆ ಎಂದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಓದುಗ ಸುಸ್ತಾಗಿರುತ್ತಾನೆ. ಪತ್ರಿಕೆ ಕಾಣಿಸುವುದೇ ಮೂರನೇ ಪುಟದಲ್ಲಿ.

‘ಉರ್ದುವಿನಲ್ಲಿ ಆಧುನಿಕತೆ 1966ರಲ್ಲಿ ಹುಟ್ಟಿತು’ ಎಂಬ ವಾಕ್ಯ ತಪ್ಪು; ಅದು ‘ಶಬ್‌ಖೂನ್’ ಶುರುವಾದ ವರ್ಷ ಅಷ್ಟೇ. ಲಾಹೋರಿನ ಹಲ್ಕಾ-ಎ-ಅರ್ಬಾಬ್-ಎ-ಜೌಕ್ ಎಂಬ ಸಾಹಿತಿಗಳ ಕೂಟ 1939ರದು. ಕವಿಗಳಾದ ಮೀರಾಜಿ, ನೂನ್ ಮೀಮ್ ರಾಶಿದ್ 1966ಕ್ಕೆ ಎಷ್ಟೋ ಮೊದಲೇ, ಗಜಲಿನಂತಲ್ಲದೆ ಒಂದೇ ವಿಷಯ ಹಿಡಿದು ಸಾಗುವ ಕವಿತೆಯಾದ ನಜ್ಮ್‌ನ ಚಹರೆ ಬದಲಿಸಿದ್ದರು. ಇನ್ನೊಂದು ಲೋಪ ನನಗೆ ನಿಜಕ್ಕೂ ಬೇಸರ ತಂದಿತು: ನಮ್ಮ ಬೆಂಗಳೂರಿನಿಂದಲೇ ಮಹಮೂದ್ ಅಯಾಜ್ 1959ರಲ್ಲಿ ‘ಸೌಗಾತ್’ ಶುರು ಮಾಡಿದ್ದರು. ಹೊಸ ನಜ್ಮ್‌ಗೆ ಮೀಸಲಾದ ಅದರ ವಿಶೇಷ ಸಂಚಿಕೆಯನ್ನು ಉರ್ದುವಿನವರು ಇಂದಿಗೂ ನೆನೆಯುತ್ತಾರೆ. ಕನ್ನಡದಲ್ಲಿ ಬರೆಯುವಾಗ ಅದರ ಹೆಸರೂ ಇಲ್ಲದಿದ್ದರೆ ಹೇಗೆ?

‘ನಲವತ್ತು ವರ್ಷ ತಿಂಗಳು ತಪ್ಪದೆ’ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. 1966ರಿಂದ 2005ರವರೆಗೆ ತಿಂಗಳಿಗೊಂದರಂತೆ 470 ಸಂಚಿಕೆ ದಾಟಬೇಕಿತ್ತು. ಕೊನೆಯದಾಗಿ ಬಂದದ್ದು 293ರಿಂದ 299ರವರೆಗಿನ ಸಂಯುಕ್ತ ಸಂಚಿಕೆ. ಎಲ್ಲೆಲ್ಲಿ ನಿಂತಿತು, ಎಲ್ಲೆಲ್ಲಿ ಎರಡು ಮೂರು ಸೇರಿ ಬಂತು ಎಂದು ಸಂಚಿಕೆಗಳನ್ನು ಇಟ್ಟುಕೊಂಡು ಗುರುತು ಮಾಡಿ. ಸಣ್ಣ ಪತ್ರಿಕೆಯ ಕಷ್ಟ ತಿಳಿಯುವುದು ಅಲ್ಲೇ.

ಪತ್ರಿಕೆ ಕಟ್ಟಿ ನಡೆಸಿದ ವಿಮರ್ಶಕ ಶಮ್ಸುರ್ರಹಮಾನ್ ಫಾರೂಕಿ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದರು. ಸರ್ಕಾರಿ ನೌಕರಿಯಲ್ಲಿದ್ದವರು ಸಂಪಾದಕರೆಂದು ಹೆಸರು ಹಾಕಿಕೊಳ್ಳುವಂತಿರಲಿಲ್ಲ. ಬೇರೆಯವರ ಹೆಸರು ಅಚ್ಚಾಗುತ್ತಿತ್ತು. ಪತ್ರಿಕೆಗೆ ದುಡ್ಡು ಹೊಂದಿಸಿ ಬೆನ್ನಿಗೆ ನಿಂತವರು ಅವರ ಪತ್ನಿ, ಅಲಹಾಬಾದಿನಲ್ಲಿ ಹೆಣ್ಣುಮಕ್ಕಳ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಮೀಲಾ ಫಾರೂಕಿ. ನೀವು ಅವರಿಗೆ ಕೊಟ್ಟಿರುವುದು ಅರ್ಧ ವಾಕ್ಯ. ಒಂದು ಪ್ಯಾರಾ ಕೊಡಿ.

ಪ್ರಗತಿಶೀಲರನ್ನು ಖಳನಾಯಕರಂತೆ ಚಿತ್ರಿಸಬೇಡಿ. 1932ರ ‘ಅಂಗಾರೆ’ ಕಥಾಸಂಕಲನವನ್ನು ಮರುವರ್ಷವೇ ಸರ್ಕಾರ ನಿಷೇಧಿಸಿತು; 1936ರಲ್ಲಿ ಪ್ರಗತಿಶೀಲ ಲೇಖಕರ ಲಖನೌ ಸಮ್ಮೇಳನ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ನಡೆಯಿತು. ಆ ಧೈರ್ಯ ಬರಬರುತ್ತಾ ಒಂದು ಕಟ್ಟುಪಾಡಾದಾಗ ಫಾರೂಕಿ ತಕರಾರು ತೆಗೆದರು. ಕವಿತೆಯ ಬೆಲೆ ಕಟ್ಟುವುದು ಕವಿತೆಯೊಳಗಿನಿಂದಲೇ ಆಗಬೇಕು ಎಂಬುದು ಅವರ ಹಟ. ನವ್ಯ–ಪ್ರಗತಿಶೀಲ ಜಗಳ ನಮ್ಮ ಓದುಗರಿಗೆ ಗೊತ್ತು, ಆ ಹೋಲಿಕೆಗೆ ಒಂದು ಸಾಲು ಸಾಕು.

ಲೇಖನದ ಜೀವಾಳ ನಿಮ್ಮ ಕೊನೆಯ ಪ್ಯಾರಾದಲ್ಲಿ ಹೂತುಹೋಗಿದೆ. ಫಾರೂಕಿ 1968ರಿಂದ ಇದೇ ಪತ್ರಿಕೆಯಲ್ಲಿ ಗಾಲಿಬನ ಒಂದೊಂದೇ ಶೇರ್ (ಗಜಲಿನ ದ್ವಿಪದಿ) ಎತ್ತಿಕೊಂಡು, ಹಿಂದಿನ ವ್ಯಾಖ್ಯಾನಗಳನ್ನು ಪಕ್ಕಕ್ಕಿಟ್ಟು ನೋಡಿ ಪದಪದವಾಗಿ ಬಿಡಿಸಿದರು. ಆ ಮಾಲೆ 1989ರಲ್ಲಿ ಪುಸ್ತಕವಾಯಿತು. ಆಮೇಲೆ ಹಳೆಯ ಗಜಲ್ ಕವಿ ಮೀರ್ ಬಗ್ಗೆ ನಾಲ್ಕು ಸಂಪುಟ. 46 ಸಂಪುಟಗಳಷ್ಟಿರುವ ಅಮೀರ್ ಹಮ್ಜಾ ದಾಸ್ತಾನಿನ (ಬಾಯಲ್ಲಿ ಹೇಳುತ್ತಿದ್ದ ಸಾಹಸಕಥೆಯ) ಅಧ್ಯಯನ. ಹೊಸಬರಿಗೆ ಬಾಗಿಲು ತೆರೆದ ಸಂಪಾದಕ ಹಳೆಯದರತ್ತ ಯಾಕೆ ಹೋದ? 1893ರಲ್ಲಿ ಕವಿ ಅಲ್ತಾಫ್ ಹುಸೇನ್ ಹಾಲಿ ಬರೆದ ಕಾವ್ಯವಿಮರ್ಶೆಯ ಪುಸ್ತಕದಿಂದ ಮೊದಲುಗೊಂಡು ಗಜಲನ್ನು ಅಳೆದ ಮಾನದಂಡಗಳು ಬಹುಪಾಲು ಪಶ್ಚಿಮದಿಂದ ತಂದ ಎರವಲು ಎಂದು ಅವರಿಗೆ ಅನಿಸಿತು. ಗಜಲಿನದೇ ಕಾವ್ಯಶಾಸ್ತ್ರ ಹುಡುಕಲು ಹೊರಟರು. ಇದನ್ನು ನಡುವೆ ತನ್ನಿ. ಮಾಲೆಯಿಂದ ಒಂದು ಶೇರ್ ಆರಿಸಿ ಕನ್ನಡ ಲಿಪಿಯಲ್ಲಿ ಕೊಟ್ಟು, ಅವರು ಅದನ್ನು ಹೇಗೆ ಬಿಡಿಸಿದರು ಎಂದು ಹತ್ತು ಹನ್ನೆರಡು ಸಾಲಿನಲ್ಲಿ ತೋರಿಸಿ. ‘ಅದ್ಭುತ ಒಳನೋಟ’ ಎಂಬ ಮಾತು ನಾಲ್ಕು ಕಡೆ ಬಂದಿದೆ, ಆಗ ಅದರ ಅಗತ್ಯ ಬೀಳುವುದಿಲ್ಲ.

ರೇಖ್ತಾ ಜಾಲತಾಣದಲ್ಲಿ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳಿವೆ. ಅರವತ್ತು, ಎಂಬತ್ತು ಮತ್ತು ತೊಂಬತ್ತರ ದಶಕದಿಂದ ಒಂದೊಂದು ತೆಗೆದು ಕಥೆ, ಕವಿತೆ, ವಿಮರ್ಶೆ, ಓದುಗರ ಪತ್ರ ತಲಾ ಎಷ್ಟು ಪುಟ ಎಂದು ಎಣಿಸಿ, ಬದಲಾವಣೆ ಕಂಡರೆ ಬರೆಯಿರಿ. ಒಟ್ಟು 1,500 ಪದ ಮೀರದಿರಲಿ. ಉರ್ದು ಹೆಸರುಗಳನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಈಗ ಫಾರೂಕಿ, ಫಾರುಖಿ, ಫರೂಕಿ ಮೂರೂ ಇವೆ. ತಿದ್ದಿದ ಪ್ರತಿಯ ಜೊತೆ, ಉದ್ಧರಿಸಿದ ಪುಟಗಳ ಫೋಟೊ ಸೇರಿಸಿ ಕಳಿಸಿ.