ತೋಟದ ಹೊಣೆ ಮತ್ತು ನಿಂತುಹೋದ ಓದು

ತಂದೆಯವರ ಅನಾರೋಗ್ಯದಿಂದಾಗಿ ಇತಿಹಾಸದ ಎಂ.ಎ. ಓದನ್ನು ಅರ್ಧಕ್ಕೆ ನಿಲ್ಲಿಸಿ ಸೋಮವಾರಪೇಟೆಯ ಕಾಫಿ ತೋಟಕ್ಕೆ ಮರಳಿದ ತಾವು, ಆ ಕನಸನ್ನು ಕೈಬಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ, ಅದನ್ನು ತೋಟದ ಕಾಲಮಾನಕ್ಕೆ ಹೊಂದಿಸಿಕೊಳ್ಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು, ಕಣದಲ್ಲಿ ಒಣಗಿಸುವ ಕೆಲಸ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಯ ಚಿಂತೆ ಇವುಗಳ ನಡುವೆ ಪುಸ್ತಕ ತೆರೆಯಲು ಬಿಡುವು ಸಿಗುವುದು ಕಷ್ಟ. ಮಳೆ ಬಿರುಸಾಗಿ ಹೊರಗಿನ ಕೆಲಸ ಆಗಾಗ ನಿಲ್ಲುವ ಜೂನ್, ಜುಲೈ ತಿಂಗಳುಗಳೇ ನಿಮ್ಮ ಓದಿನ ಕಾಲ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಇತಿಹಾಸದ ಎಂ.ಎ.ಯನ್ನು ಮನೆಯಲ್ಲಿದ್ದೇ ಓದಬಹುದು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗಿನ ಚರಿತ್ರೆ, ಮಡಿಕೇರಿಯ ಕೋಟೆ ನಿಮ್ಮ ಜಿಲ್ಲೆಯಲ್ಲೇ ಇರುವಾಗ, ಊರಿಗೆ ಮರಳಿದ್ದು ಇತಿಹಾಸದ ವಿದ್ಯಾರ್ಥಿಗೆ ನಷ್ಟವೆಂದು ನಾನು ಭಾವಿಸುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ತಂದೆಯವರ ಆರೈಕೆಯನ್ನು ಯಾರು ವಹಿಸಿಕೊಳ್ಳುವರೆಂಬುದನ್ನು ಮಾತ್ರ ಮನೆಯವರೊಂದಿಗೆ ಈಗಲೇ ಮಾತನಾಡಿ ಗೊತ್ತುಮಾಡಿಕೊಳ್ಳಿ.