ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ಎರಡು ದಿನವಾದರೂ ಡೊಮೇನ್ ನನ್ನದೆಂದು ಒಪ್ಪುತ್ತಿಲ್ಲ, ಏನು ಮಾಡಲಿ?

ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ, ಅದಕ್ಕೊಂದು ವೆಬ್‌ಸೈಟ್. ನಿಮ್ಮ ಡೊಮೇನಿನ ಇಮೇಲ್‌ಗಳು ಎಲ್ಲಾದರೂ ಸೋರಿಕೆಯಾದರೆ ತಿಳಿಸಲೆಂದು ಹ್ಯಾವ್ ಐ ಬೀನ್ ಪೋನ್ಡ್ ಸೇವೆಗೆ ಸೇರಲು ಹೋಗಿದ್ದೀರಿ. ಡೊಮೇನ್ ನಿಮ್ಮ ಕೈಯಲ್ಲಿದೆ ಎಂದು ತೋರಿಸಲು ಅವರು ಕೊಟ್ಟ ಕೋಡನ್ನು ಡಿಎನ್ಎಸ್‌ನಲ್ಲಿ, ಅಂದರೆ ಡೊಮೇನಿನ ವಿವರಗಳಿರುವ ಪಟ್ಟಿಯಲ್ಲಿ, ಟಿಎಕ್ಸ್‌ಟಿ ರೆಕಾರ್ಡ್ ಎಂಬ ಬರಹದ ಸಾಲಾಗಿ ಹಾಕಿದ್ದೀರಿ. ಅದು ‘ರೆಕಾರ್ಡ್ ಸಿಗಲಿಲ್ಲ’ ಎನ್ನುತ್ತಿದೆ. ಇಷ್ಟು ತಾನೆ?

ಎರಡು ದಿನ ಆಗಿದೆ ಎಂದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಹೊಸ ರೆಕಾರ್ಡ್ ಸಾಮಾನ್ಯವಾಗಿ ಕೆಲವು ಗಂಟೆಗಳೊಳಗೆ ಕಾಣಿಸುತ್ತದೆ. ನಿಮ್ಮದು ತಪ್ಪು ಜಾಗದಲ್ಲಿ ಕೂತಿರಬೇಕು.

ಮೈಸೂರಿನಲ್ಲಿ ಸಣ್ಣ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯೊಂದರಲ್ಲೂ ಹೀಗೇ ಆಗಿತ್ತು. ಡೊಮೇನ್ ಕೊಂಡ ಕಡೆ ರೆಕಾರ್ಡ್ ಹಾಕಿದ್ದರು, ಆದರೆ ನೇಮ್‌ಸರ್ವರ್, ಅಂದರೆ ಡೊಮೇನಿನ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಕೇಳಿದವರಿಗೆ ತೋರಿಸುವ ಸರ್ವರ್, ಸೈಟನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಯದು. ಮನೆ ಬದಲಾಯಿಸಿದ ಮೇಲೆ ಹಳೇ ಮನೆ ಬಾಗಿಲಿಗೆ ಬೋರ್ಡ್ ಹೊಡೆದ ಹಾಗೆ. ಅಲ್ಲಿ ಹೋಗಿ ಓದುವವರು ಯಾರು? ಮೊದಲು ಡೊಮೇನಿನ ನೋಂದಣಿ ವಿವರ ತೋರಿಸುವ ಹೂಇಸ್‌ನಲ್ಲಿ ನಿಮ್ಮ ನೇಮ್‌ಸರ್ವರ್ ಯಾರದೆಂದು ನೋಡಿ, ರೆಕಾರ್ಡನ್ನು ಅವರ ಪ್ಯಾನೆಲ್‌ನಲ್ಲೇ ಹಾಕಿ.

ಅದು ಸರಿಯಿದ್ದರೆ ‘ನೇಮ್’ ಖಾನೆ ನೋಡಿ. ಅಲ್ಲಿ ಪೂರ್ತಿ ಡೊಮೇನ್ ಹೆಸರು ಬರೆದಿದ್ದೀರಾ? ಬಹಳ ಪ್ಯಾನೆಲ್‌ಗಳು ಕೊನೆಗೆ ತಾವೇ ಡೊಮೇನ್ ಸೇರಿಸಿಕೊಳ್ಳುತ್ತವೆ, ಹೆಸರು ಎರಡು ಸಲ ಆಗಿಬಿಡುತ್ತದೆ. ಅಲ್ಲಿ ಬರೀ @ ಸಾಕು. ಕೊಟ್ಟ ಕೋಡನ್ನು ಮುಂದೆ ಹಿಂದೆ ಖಾಲಿ ಜಾಗ ಬಿಡದೆ ‘ವ್ಯಾಲ್ಯೂ’ ಖಾನೆಗೆ ಹಾಕಿ. ಅಲ್ಲಿ ಈಗಾಗಲೇ ನಿಮ್ಮ ಡೊಮೇನಿನಿಂದ ಮೇಲ್ ಯಾರು ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ಎಂಬ ಟಿಎಕ್ಸ್‌ಟಿ ರೆಕಾರ್ಡ್ ಇದ್ದರೆ ದಯವಿಟ್ಟು ಅದನ್ನು ಅಳಿಸಬೇಡಿ, ಪಕ್ಕದಲ್ಲಿ ಹೊಸದೊಂದು ಸೇರಿಸಿ. ಎಸ್‌ಪಿಎಫ್ ಹೋದರೆ ನೀವು ಕಳಿಸಿದ ಬಿಲ್ಲುಗಳು ಗಿರಾಕಿಗಳ ಸ್ಪ್ಯಾಮ್‌ಗೆ ಬೀಳಬಹುದು. ಕೊನೆಗೆ ಕಂಪ್ಯೂಟರಿನಿಂದಲೇ ಡಿಎನ್ಎಸ್ ವಿಚಾರಿಸುವ ಎನ್‌ಎಸ್‌ಲುಕಪ್ ಕಮಾಂಡಿನಲ್ಲಿ ಟಿಎಕ್ಸ್‌ಟಿ ಕೇಳಿ ನೋಡಿ. ಅಲ್ಲಿ ಕೋಡ್ ಕಂಡರೆ ಸೇವೆಗೂ ಕಾಣುತ್ತದೆ.

ಡಿಎನ್ಎಸ್ ತಂಟೆಯೇ ಬೇಡ ಎಂದರೆ ಸೈಟಿನಲ್ಲಿ ಅವರು ಕೊಟ್ಟ ಫೈಲ್ ಇಡಬಹುದು, ಪುಟದ ಕೋಡಿನಲ್ಲಿ ಮೆಟಾ ಟ್ಯಾಗ್ ಎಂಬ ಸಾಲು ಹಾಕಬಹುದು, ಇಲ್ಲವೇ ವೆಬ್‌ಮಾಸ್ಟರ್, ಪೋಸ್ಟ್‌ಮಾಸ್ಟರ್‌ನಂಥ ವಿಳಾಸಕ್ಕೆ ಬರುವ ಮೇಲ್‌ನಿಂದಲೂ ಮುಗಿಸಬಹುದು. ಆ ವಿಳಾಸ ನಿಮ್ಮಲ್ಲಿ ಇರಬೇಕು ಅಷ್ಟೆ.

ಇಷ್ಟು ಕಷ್ಟ ಯಾಕೆ ಕೊಡುತ್ತಾರೆ ಎಂದು ಬೇಸರ ಮಾಡಿಕೊಂಡಿದ್ದೀರಿ. ಇದಿಲ್ಲದಿದ್ದರೆ ನಿಮ್ಮ ಯಾವ ಯಾವ ಇಮೇಲ್ ಸೋರಿದೆ ಎಂಬ ಪಟ್ಟಿ ಎದುರು ಅಂಗಡಿಯವರಿಗೂ ಸಿಕ್ಕಿಬಿಡುತ್ತಿತ್ತು. ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಈ ಸೇವೆ ಅಂಥ ಪಟ್ಟಿಯನ್ನು ಬಿಗಿಯಾಗಿ ಇಟ್ಟುಕೊಂಡಿರುವುದು ನನಗೆ ಸರಿಯೆನಿಸುತ್ತದೆ.

ಆದರೆ ಒಂದು ಮಾತು. ಈ ಪರೀಕ್ಷೆ ನೋಡುವುದು ಡೊಮೇನ್ ಯಾರ ಕೈಯಲ್ಲಿದೆ ಎಂಬುದನ್ನು, ಯಾರ ಹೆಸರಲ್ಲಿದೆ ಎಂಬುದನ್ನಲ್ಲ. ಉಳುವವನು ನೀವು, ಪಹಣಿ ಇನ್ನೊಬ್ಬರ ಹೆಸರಲ್ಲಿ ಎಂಬಂಥ ಸ್ಥಿತಿ ನಮ್ಮ ಕಡೆ ಡೊಮೇನ್‌ಗಳಲ್ಲೂ ಬಹಳ. ಸೈಟ್ ಮಾಡಿಕೊಟ್ಟ ಹುಡುಗ ತನ್ನ ಮೇಲ್ ಐಡಿಯಲ್ಲೇ ಕೊಂಡಿರುತ್ತಾನೆ, ನವೀಕರಣದ ನೋಟಿಸೂ ಅವನಿಗೇ ಹೋಗುತ್ತದೆ. ಆ ಸೀರೆ ಅಂಗಡಿಯ ಯಜಮಾನರಿಗೆ ಇದು ಗೊತ್ತಾದದ್ದೇ ಟಿಎಕ್ಸ್‌ಟಿ ಹಾಕಲು ಪಾಸ್‌ವರ್ಡ್ ಹುಡುಕುವಾಗ. ನಿಮ್ಮದೂ ಹಾಗಿದ್ದರೆ ಮೊದಲು ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ) ಖಾತೆಯನ್ನು ನಿಮ್ಮ ಹೆಸರಿಗೆ, ನಿಮ್ಮ ಮೇಲ್‌ಗೆ ಮಾಡಿಸಿಕೊಳ್ಳಿ.

ಎನ್‌ಎಸ್‌ಲುಕಪ್‌ನಲ್ಲಿ ಏನು ಬಂತೆಂದು ಇಲ್ಲೇ ತಿಳಿಸಿ, ನೋಡೋಣ. ಆ ಕೋಡ್ ಹೇಗೂ ಎಲ್ಲರಿಗೂ ಕಾಣುವಂಥದ್ದು, ಹಂಚಿಕೊಳ್ಳಲು ಅಂಜಬೇಡಿ. ಪ್ಯಾನೆಲ್ಲಿನ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ, ನನಗೂ ಸಹ.